ಬೆಟ್ಟವಿಲ್ಲದ ಸ್ವಿಟ್ಜರ್ಲೆಂಡ್

ಉರುಗ್ವೆ ದೇಶದ ಅತಿ ಎತ್ತರದ ಬೆಟ್ಟ 514 ಮೀಟರ್. ನಮ್ಮ ಬೆಂಗಳೂರು ಕೂತಿರುವುದೇ ಸುಮಾರು 900 ಮೀಟರ್ ಎತ್ತರದಲ್ಲಿ. ಅಂದರೆ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುತ್ತ ಕಡಲೆಕಾಯಿ ತಿನ್ನುವವನೂ ಆ ದೇಶದ ತುತ್ತತುದಿಗಿಂತ ಮೇಲೆಯೇ ಇದ್ದಾನೆ. ಇಂಥ ಚಪ್ಪಟೆ ದೇಶಕ್ಕೆ 1862ರಲ್ಲಿ ಸ್ವಿಸ್ ಜನ ಹಡಗಿನಲ್ಲಿ ಬಂದರು, ಸುತ್ತ ನೋಡಿದರು, ಊರು ಕಟ್ಟಿದರು. ಅದಕ್ಕೆ ನ್ವೇವಾ ಎಲ್ವೇಸಿಯಾ, ಅಂದರೆ ಹೊಸ ಸ್ವಿಟ್ಜರ್ಲೆಂಡ್ ಅಂತ ಹೆಸರಿಟ್ಟರು. ಧೈರ್ಯ ಬೇಕು ಅಲ್ವಾ?

ನನ್ನ ಅಕ್ಕನ ಮಗ ಮಾಂಟೆವಿಡಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ದೆಸೆಯಿಂದ ನಾನೂ ನನ್ನವಳೂ ಅಷ್ಟು ದೂರ ಹೋದದ್ದು. ರಾಜಧಾನಿಯಿಂದ ಪಶ್ಚಿಮಕ್ಕೆ ಸುಮಾರು 120 ಕಿಲೋಮೀಟರ್. ದಾರಿಯುದ್ದಕ್ಕೂ ಹುಲ್ಲು, ದನ, ಮತ್ತೆ ಹುಲ್ಲು. ದೇಶದಲ್ಲಿ ಜನ ಸುಮಾರು 35 ಲಕ್ಷ, ದನ ಒಂದು ಕೋಟಿಗೂ ಜಾಸ್ತಿ. "ಮಾವ, ಸ್ವಿಟ್ಜರ್ಲೆಂಡ್ ಅಂತ ತುಂಬ ಆಸೆ ಇಟ್ಕೋಬೇಡಿ" ಎಂದು ಅವನು ಮೊದಲೇ ಹೇಳಿದ್ದ. ಆದರೂ ಇವಳು ಸ್ವೆಟರ್ ಇಟ್ಟುಕೊಂಡೇ ಹೊರಟಳು. ಜನವರಿ ತಿಂಗಳು, ಅಲ್ಲಿ ನಡುಬೇಸಿಗೆ. ಸ್ವೆಟರ್ ಬ್ಯಾಗಿನಿಂದ ಹೊರಗೆ ಬರಲಿಲ್ಲ.

ಊರು ಚಿಕ್ಕದು. ಹತ್ತು ಸಾವಿರ ಚಿಲ್ಲರೆ ಜನ. ನೆಟ್ಟಗಿನ ಬೀದಿಗಳು, ನಡುವೆ ಊರು ಕಟ್ಟಿದವರ ನೆನಪಿಗೆ ಒಂದು ಚೌಕ, ಅದರಲ್ಲೊಂದು ಸ್ಮಾರಕ. ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕಿಕೊಂಡಿದ್ದವು. ಮನೆಗಳ ಗೋಡೆ ಮೇಲೆ ಮಾತ್ರ ನೋಡುವಂಥದ್ದಿತ್ತು. ಅಲ್ಲಲ್ಲಿ ಬಣ್ಣ ಬಳಿದ ಲಾಂಛನದ ಫಲಕಗಳು. ಒಂದರಲ್ಲಿ ನಾಲಿಗೆ ಚಾಚಿದ ಕರಡಿ, ಅದು ಬರ್ನ್ ಪ್ರಾಂತ್ಯದ್ದು. ಇನ್ನೊಂದರಲ್ಲಿ ಮೂಗಿಗೆ ಬಳೆ ಹಾಕಿದ ಗೂಳಿಯ ತಲೆ, ಅದು ಊರಿ ಎಂಬ ಪ್ರಾಂತ್ಯದ್ದು. ಕರಡಿಯ ಕೆಳಗೆ ಒಬ್ಬರು ನೈಟಿ ಹಾಕಿಕೊಂಡು ಗಿಡಕ್ಕೆ ನೀರು ಬಿಡುತ್ತಿದ್ದರು. ನೈಟಿ ಅನ್ನುವುದು ಇಡೀ ಲೋಕದ್ದು ಎಂದು ಇವಳಿಗೆ ಅವತ್ತು ಖಾತ್ರಿಯಾಯಿತು.

ಹಿಮದ ಬೆಟ್ಟ, ಚಾಕೊಲೇಟು, ವಾಚು ಬಿಟ್ಟು ಯಾರಾದರೂ ಇಲ್ಲಿಗೆ ಯಾಕೆ ಬರುತ್ತಾರೆ? ಆಗ ವಾಚು ಚಾಕೊಲೇಟು ಎಲ್ಲರ ಪಾಲಿಗೆ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಸ್ವಿಟ್ಜರ್ಲೆಂಡಿನ ಹಳ್ಳಿಗಳಲ್ಲಿ ಬಡತನ ಕಿತ್ತು ತಿನ್ನುತ್ತಿತ್ತು. 1815ರಲ್ಲಿ ಇಂಡೋನೇಷ್ಯಾದ ಟಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು. 1819ರಲ್ಲಿ ಸುಮಾರು 2000 ಜನ ಬ್ರೆಜಿಲ್‌ಗೆ ಹೊರಟು ನೋವಾ ಫ್ರಿಬುರ್ಗೋ ಎಂಬ ಊರು ಕಟ್ಟಿದರು. ದಾರಿಯಲ್ಲೇ ನೂರಾರು ಜನ ಸತ್ತರು. ಆಮೇಲೆ ಆಲೂಗಡ್ಡೆಗೆ ರೋಗ ಬಂತು. 1855ರಲ್ಲಿ ರೋಥ್ರಿಸ್ಟ್ ಎಂಬ ಊರಿನವರಂತೂ ತಮ್ಮಲ್ಲಿನ ಮುನ್ನೂರಕ್ಕೂ ಹೆಚ್ಚು ಬಡವರಿಗೆ ಊರಿನ ದುಡ್ಡಿನಲ್ಲೇ ಟಿಕೆಟ್ ತೆಗೆಸಿ ಅಮೆರಿಕಕ್ಕೆ ಸಾಗಹಾಕಿದರು. ಇತ್ತ ಉರುಗ್ವೆಗೆ ಜನ ಬೇಕಿತ್ತು. ದೀರ್ಘ ಯುದ್ಧ ಮುಗಿಸಿ ಕೂತಿದ್ದ ದೇಶ. ನೆಲ ಬೇಕಾದಷ್ಟು, ಉಳುವವರಿಲ್ಲ. ಬಾಸೆಲ್ ನಗರದ ಒಂದು ಬ್ಯಾಂಕು ಅಲ್ಲಿ ಜಮೀನು ಕೊಂಡು, ತುಂಡು ಮಾಡಿ, ಬಂದವರಿಗೆ ಮಾರಿತು. ಸೈಟು ಮಾಡಿ ಮಾರುವ ದಂಧೆ ನಮ್ಮಲ್ಲೇ ಹುಟ್ಟಿದ್ದು ಅಂದುಕೊಂಡಿದ್ದೆ.

ನನಗೆ ಸೋಜಿಗ ಅನಿಸಿದ್ದು ಇದು: ಹಡಗು ಹತ್ತುವಾಗ ಇವರಲ್ಲಿ ಹೆಚ್ಚಿನವರು ತಮ್ಮನ್ನು ಸ್ವಿಸ್ ಅಂತ ಅಂದುಕೊಂಡಿರಲಾರರು. ಸ್ವಿಟ್ಜರ್ಲೆಂಡ್ ಒಂದು ಒಕ್ಕೂಟದ ದೇಶವಾದದ್ದು 1848ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಕ್ಯಾಥೊಲಿಕ್ ಪ್ರಾಂತ್ಯಗಳಿಗೂ ಉಳಿದವಕ್ಕೂ ಯುದ್ಧವೇ ಆಗಿತ್ತು. ಒಬ್ಬನ ಮಾತು ಜರ್ಮನ್, ಇನ್ನೊಬ್ಬನದು ಫ್ರೆಂಚ್. ಇವನ ಇಗರ್ಜಿಗೆ ಅವನು ಹೋಗುವುದಿಲ್ಲ. ಇಂಥವರು ಉರುಗ್ವೆಯ ಹುಲ್ಲುಗಾವಲಿನಲ್ಲಿ ಇಳಿದ ಮೇಲೆ, ಸುತ್ತ ಎಲ್ಲರೂ ಸ್ಪ್ಯಾನಿಷ್ ಆಡುವುದನ್ನು ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಸ್ವಿಸ್ ಆದರು. ಜೊತೆಗೆ ಬಂದಿದ್ದ ಜರ್ಮನರು, ಆಸ್ಟ್ರಿಯಾದ ಟಿರೋಲಿನವರು ಕೂಡ ಅದೇ ಲೆಕ್ಕಕ್ಕೆ ಸೇರಿಕೊಂಡರು. ನಮ್ಮ ಹೊರದೇಶದ ಕನ್ನಡ ಕೂಟಗಳ ಕತೆಯೂ ಇದೇ ತಾನೇ? ಊರಲ್ಲಿದ್ದಾಗ ಇವನು ಧಾರವಾಡದವನು, ಅವನು ಮಂಗಳೂರಿನವನು, ಇನ್ನೊಬ್ಬ ಮಂಡ್ಯದವನು. ಸಾರಿಗೆ ಬೆಲ್ಲ ಹಾಕಬೇಕೇ ಬೇಡವೇ ಅನ್ನುವುದಕ್ಕೇ ಮನಸ್ತಾಪ. ಹೊರಗೆ ಹೋದ ಮೇಲೆ ಎಲ್ಲರೂ ಕನ್ನಡಿಗರು, ಹಾಲ್ ಖಾಲಿ ಸಿಕ್ಕಿದ ಶನಿವಾರವೇ ರಾಜ್ಯೋತ್ಸವ.

ಈ ಊರಿನ ದೊಡ್ಡ ಹಬ್ಬ ಆಗಸ್ಟ್ 1, ಸ್ವಿಸ್ ರಾಷ್ಟ್ರೀಯ ದಿನ. 1291ರ ಆಗಸ್ಟಿನಲ್ಲಿ ಮೂರು ಪ್ರಾಂತ್ಯಗಳು ಮಾಡಿಕೊಂಡ ಒಪ್ಪಂದದ ನೆನಪಿಗೆ. ಕೇಳಿದರೆ ಏಳುನೂರು ವರ್ಷದಿಂದ ನಡೆದುಬಂದ ಹಬ್ಬ ಅನಿಸಬೇಕು. ಆದರೆ ದೇಶವೆಲ್ಲ ಅದನ್ನು ಮೊದಲ ಸಲ ಆಚರಿಸಿದ್ದು 1891ರಲ್ಲಿ. ಅಂದರೆ ಇವರ ಅಜ್ಜಂದಿರು ಅದನ್ನು ಟ್ರಂಕಿನಲ್ಲಿ ತಂದಿರಲು ಸಾಧ್ಯವಿಲ್ಲ. ಊರು ಬಿಟ್ಟು ಸುಮಾರು ಮೂವತ್ತು ವರ್ಷದ ಮೇಲೆ ಸುದ್ದಿಯಾಗಿ ಬಂದ ಹಬ್ಬ ಅದು! ಇನ್ನೂ ತಮಾಷೆ ಎಂದರೆ, ಸ್ವಿಟ್ಜರ್ಲೆಂಡಿನಲ್ಲಿ ಆ ದಿನ ಎಲ್ಲರಿಗೂ ರಜೆ ಸಿಕ್ಕಿದ್ದು 1994ರಲ್ಲಿ. ಅಲ್ಲಿ ಬೇಸಿಗೆಯ ರಾತ್ರಿ ಬೆಟ್ಟದ ಮೇಲೆ ಬೆಂಕಿ ಹಾಕಿ ಕುಣಿಯುತ್ತಾರೆ. ಇಲ್ಲಿ ಆಗಸ್ಟ್ ಅಂದರೆ ಗಡಗಡ ಚಳಿ. ಬೆಂಕಿಗೆ ನಿಜವಾದ ಕೆಲಸ ಇರುವುದು ಇಲ್ಲಿಯೇ.

ಬಾಸೆಲ್ ಎಂಬ ಹೆಸರು ಕೇಳಿ ಕರಾವಳಿಯವರ ಕಿವಿ ನೆಟ್ಟಗಾಗಿರಬೇಕು. ಅದೇ ನಗರದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಬಂದವರಲ್ಲಿ ಜರ್ಮನರೇ ಜಾಸ್ತಿ. 1843ರಲ್ಲಿ ಮ್ಯೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ. 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು, 1894ರಲ್ಲಿ ಕಿಟೆಲ್ ನಿಘಂಟು ಬಂತು. ಇತ್ತ ಬಂದವರು ನಮ್ಮ ಮಾತು ಕಲಿತು, ಅದನ್ನು ಅಕ್ಷರಕ್ಷರ ಜೋಡಿಸಿ ನಮಗೇ ಕೊಟ್ಟರು. ಅತ್ತ ಹೋದವರು ಸ್ಪ್ಯಾನಿಷ್ ಕಲಿತು ತಮ್ಮ ಮಾತನ್ನೇ ನಿಧಾನಕ್ಕೆ ಬಿಟ್ಟರು. ಈಗ ಅಲ್ಲಿ ಉಳಿದಿರುವುದು ಮನೆತನದ ಹೆಸರು, ಗೋಡೆಯ ಫಲಕ, ಮತ್ತೆ ಚೀಸು.

ಚೀಸಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮೊದಮೊದಲು ಇಲ್ಲಿನವರ ಕೈ ಹಿಡಿದದ್ದು ಗೋಧಿ. ಆಮೇಲೆ ಹಾಲು ಹೆಚ್ಚಾಯಿತು. ಫ್ರಿಜ್ಜಿಲ್ಲದ ಕಾಲ, ಪೇಟೆ ದೂರ; ಹಾಲನ್ನು ಉಳಿಸುವ ಉಪಾಯ ಅಂದರೆ ಚೀಸು. ಬೆಟ್ಟದ ಮೇಲೆ ಮಾಡುತ್ತಿದ್ದಂತೆಯೇ ಇಲ್ಲೂ ಮಾಡಿದರು. ಹುಲ್ಲು ಬೇರೆ, ಹವೆ ಬೇರೆ, ಆದ್ದರಿಂದ ಬಂದದ್ದೂ ಬೇರೆ. ಅದಕ್ಕೀಗ 'ಕೇಸೋ ಕೊಲೋನಿಯಾ' ಎಂದು ಹೆಸರು, ಉರುಗ್ವೆಯ ಉದ್ದಗಲಕ್ಕೂ ಸಿಗುತ್ತದೆ.

ಬಾಗಿಲು ತೆರೆದ ಮೇಲೆ ಒಂದು ಚೀಸಿನಂಗಡಿ ಹೊಕ್ಕೆವು. ಅಂಗಡಿಯಾಕೆ ಒಂದು ದುಂಡನೆಯ ಚೀಸನ್ನು ಎರಡೂ ಕೈಯಲ್ಲಿ ಎತ್ತಿ ಹಲಗೆ ಮೇಲಿಟ್ಟರು. ಹೊರಗಡೆ ಹಳದಿ ಸಿಪ್ಪೆ. ಉದ್ದನೆ ಚಾಕು ಇಟ್ಟು ಮೈಭಾರವೆಲ್ಲ ಹಾಕಿ ಒತ್ತಿದರು. ಒಳಗೆ ಬೆಣ್ಣೆ ಬಣ್ಣ, ಅಲ್ಲಲ್ಲಿ ದುಂಡನೆ ತೂತು. ತೂತಿನ ಒಳಮೈ ಒರೆಸಿಟ್ಟ ಹಾಗೆ ಹೊಳೆಯುತ್ತಿತ್ತು. ಚೀಸನ್ನು ಕೆಲವು ವಾರ ತುಸು ಬೆಚ್ಚನೆಯ ಕೋಣೆಯಲ್ಲಿಟ್ಟರೆ, ಒಳಗಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಗಾಳಿ ಅಲ್ಲೇ ಗುಳ್ಳೆ ಕಟ್ಟುತ್ತದೆ. ಆ ಗುಳ್ಳೆ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಸ್ವಿಟ್ಜರ್ಲೆಂಡಿನ ಅಗ್ರೋಸ್ಕೋಪ್ ಸಂಸ್ಥೆ 2015ರಲ್ಲಿ ಹೇಳಿತು: ಹಾಲಿಗೆ ಬಿದ್ದ ಒಣಹುಲ್ಲಿನ ಕಣ್ಣಿಗೆ ಕಾಣದ ಚೂರುಗಳ ಸುತ್ತ. ಯಂತ್ರದಲ್ಲಿ ಚೊಕ್ಕವಾಗಿ ಕರೆಯಲು ಶುರು ಮಾಡಿದ ಮೇಲೆ ತೂತು ಕಮ್ಮಿಯಾಗಿದ್ದು ಅದಕ್ಕೇ. ಕೊಟ್ಟಿಗೆಯ ಹುಲ್ಲುಕಡ್ಡಿ ಬಿದ್ದರೇ ಚೀಸಿಗೆ ಕಳೆ. ಇದನ್ನು ಹೇಳಿದಾಗ ಇವಳು ಚೀಸಿನ ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು.

ಚಾಕುವಿನ ತುದಿಯಲ್ಲೇ ಒಂದು ಹಾಳೆ ಚೀಸು ಕೊಟ್ಟರು. ಹುಳಿಯಿಲ್ಲ, ಉಪ್ಪು ಹದ, ಕೊನೆಗೆ ನಾಲಿಗೆ ಮೇಲೆ ಒಂಚೂರು ಸಿಹಿ. ಅದರ ಜೊತೆಗೆ ಕ್ವಿನ್ಸ್ ಹಣ್ಣಿನ ಗಟ್ಟಿ ಜಾಮಿನ ತುಂಡು. ಎರಡನ್ನೂ ಒಟ್ಟಿಗೆ ತಿನ್ನಬೇಕಂತೆ. ತಿಂದೆವು, ಮತ್ತೂ ತಿಂದೆವು. "ರೀ, ಹಾಲು ಒಡೆಯೋಕೆ ಏನು ಹಾಕ್ತಾರೆ ಕೇಳ್ರೀ" ಅಂದಳು. ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುವವರಿದ್ದಾರೆ, ಬೂಷ್ಟಿನಿಂದ ಮಾಡಿದ್ದನ್ನು ಹಾಕುವವರೂ ಇದ್ದಾರೆ. ನಾನು ಕೇಳಲಿಲ್ಲ. ಬಾಯಲ್ಲಿ ತುಂಡಿತ್ತು.

ಅಷ್ಟರಲ್ಲಿ 'ಮಾತೆ' ಬಂತು, ಅದು ಅಲ್ಲಿನವರ ಚಹಾದಂಥ ಪಾನೀಯ. ಸೋರೆಬುರುಡೆಯ ಬಟ್ಟಲು, ಅದರ ತುಂಬ ಸೊಪ್ಪಿನ ಪುಡಿ, ಮೇಲೆ ಬಿಸಿನೀರು, ಒಂದೇ ಲೋಹದ ಕೊಳವೆ. ಉರುಗ್ವೆಯವರು ಫ್ಲಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡೇ ಬೀದಿ ಸುತ್ತುತ್ತಾರೆ. ಸ್ವಿಸ್ ಮೊಮ್ಮಕ್ಕಳೂ ಅಷ್ಟೇ. ಅದೇ ಬಟ್ಟಲು, ಅದೇ ಕೊಳವೆ ಒಬ್ಬರಿಂದ ಒಬ್ಬರಿಗೆ ಹೋಗಬೇಕು. "ಬೇಡ ಅನ್ಬೇಡಿ ಅತ್ತೆ, ಬೇಜಾರು ಮಾಡ್ಕೋತಾರೆ" ಅಂದ ಹುಡುಗ. ಮನೆಯಲ್ಲಿ ನಾನು ಲೋಟ ಕಚ್ಚಿ ನೀರು ಕುಡಿದರೆ ಎಂಜಲು ಅಂತ ಬೈಯುವವಳು, ಕೊಳವೆಯನ್ನು ಒಂದು ಗಳಿಗೆ ನೋಡಿ, ಬಾಯಿಗಿಟ್ಟು, ಸೊರ್ ಅಂತ ಸದ್ದು ಬರುವವರೆಗೆ ಕುಡಿದಳು. ಕಹಿ ಇತ್ತು. ಮುಖದಲ್ಲಿ ತೋರಿಸಲಿಲ್ಲ.

ನೀವು ಯಾವತ್ತಾದರೂ ಸ್ವಿಟ್ಜರ್ಲೆಂಡಿಗೆ ಹೋಗಿದ್ದೀರಾ ಎಂದು ಹುಡುಗನ ಮೂಲಕ ಅಂಗಡಿಯಾಕೆಯನ್ನು ಕೇಳಿಸಿದೆ. ಹೋಗಿದ್ದೇನೆ ಅಂದರು. ಮುತ್ತಜ್ಜನ ಹಳ್ಳಿಯನ್ನೂ ನೋಡಿ ಬಂದರಂತೆ. ಚೆನ್ನಾಗಿತ್ತು, ಆದರೆ ಎಲ್ಲಿ ನೋಡಿದರೂ ಬೆಟ್ಟ ಅಡ್ಡ ಬರುತ್ತಿತ್ತು, ಮೂರನೇ ದಿನಕ್ಕೇ ಉಸಿರು ಕಟ್ಟಿದ ಹಾಗಾಯಿತು ಅಂದರು.

"ಅಲ್ಲಿನ ಚೀಸು?" ಇವಳು ಕೇಳಿದಳು.

ಆಕೆ ಏನೋ ಹೇಳಿ ಜೋರಾಗಿ ನಕ್ಕರು. ಹುಡುಗ ನಮ್ಮ ಕಡೆ ತಿರುಗಿದ. "ಪರವಾಗಿಲ್ವಂತೆ ಅತ್ತೆ. ಆದ್ರೆ ಬೆಲೆ ಕೇಳಿ ತಿನ್ನೋ ಮನಸ್ಸೇ ಹೋಯ್ತಂತೆ." ಇವಳಿಗೆ ಆಕೆಯ ಮೇಲೆ ತಟ್ಟನೆ ನಂಬಿಕೆ ಬಂತು. ಅರ್ಧ ಕಿಲೋ ಅಂದಿದ್ದವಳು ಒಂದೂವರೆ ಕಿಲೋ ಕಟ್ಟಿಸಿದಳು.