ಮೂರನೆಯ ಪತ್ರ

ಇವತ್ತು ಚರ್ಮರೋಗ ವಿಭಾಗದ ಮುಂದೆ ಎರಡು ಗಂಟೆ ಕಾದು, 'ಈ ಕಾಯಿಲೆ ಅಂಟುವುದಿಲ್ಲ' ಎಂಬ ಪತ್ರವನ್ನು ಮೂರನೆಯ ಸಲ ಬರೆಸಿಕೊಂಡು ಬಂದೆ. ತಂಗಿಯ ಮಗಳ ವಿಷಯ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಶಾಲೆಯಲ್ಲಿ ಅವಳನ್ನು ಕೊನೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದ್ದಾರೆ. ಒಂಬತ್ತು ವರ್ಷದ ಮಗು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಕಾರಣ ಕೇಳಿದರೆ, ಹಿಂದಿನ ಪತ್ರದಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟರು. ಮೈಕೋಸಿಸ್ ಫಂಗಾಯ್ಡಿಸ್. "ಫಂಗಸ್ ಎಂದೇ ಇದೆಯಲ್ಲ ಮೇಡಂ, ಬೇರೆ ಮಕ್ಕಳಿಗೆ ಹತ್ತಿದರೆ?" 1806ರಲ್ಲಿ ಈ ಕಾಯಿಲೆಯನ್ನು ಮೊದಲು ವರ್ಣಿಸಿದ ಫ್ರಾನ್ಸಿನ ವೈದ್ಯ ಅಲಿಬೆರ್ ಅವರಿಗೆ ರೋಗಿಯ ಮೈಮೇಲಿನ ಗಂಟುಗಳು ಅಣಬೆಯಂತೆ ಕಂಡಿದ್ದವು. ಹೆಸರು ಹಾಗೆಯೇ ಉಳಿದುಬಿಟ್ಟಿತು. ಶಿಲೀಂಧ್ರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ರಕ್ತದ ಬಿಳಿಕಣಗಳಲ್ಲಿ ಒಂದು ಬಗೆಯಾದ ಟಿ ಕೋಶಗಳು ಚರ್ಮದಲ್ಲಿ ದಾರಿ ತಪ್ಪಿ ಬೆಳೆಯುವ ಕ್ಯಾನ್ಸರ್ ಇದು. ಮಕ್ಕಳಲ್ಲಿ ಅಪರೂಪ. ನಮ್ಮಂಥ ಕಂದು ಮೈಬಣ್ಣದ ಮಕ್ಕಳಲ್ಲಿ ಅನೇಕ ಸಲ ಬಿಳಿಚಿದ ಮಚ್ಚೆಗಳಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿಯೇ ನಾವು ಮೊದಲು ಸಿಬ್ಬು ಎಂದು ಮುಲಾಮು ಹಚ್ಚಿದೆವು, ಆಮೇಲೆ ತೊನ್ನು ಎಂದು ಅತ್ತೆವು. ಎರಡು ಸಲ ಚರ್ಮದ ತುಣುಕು ತೆಗೆದು ಪರೀಕ್ಷಿಸಿದ ಮೇಲೆ ನಿಜ ತಿಳಿಯಿತು. ಬೇಗ ಗೊತ್ತಾದರೆ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಇರುತ್ತಾರೆ, ಆದರೆ ವರ್ಷಗಟ್ಟಲೆ ತಪಾಸಣೆ ತಪ್ಪಿಸುವಂತಿಲ್ಲ.

ವಾರಕ್ಕೆ ಮೂರು ದಿನ ಅವಳಿಗೆ ನೇರಳಾತೀತ ಬೆಳಕಿನ ಚಿಕಿತ್ಸೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಸುತ್ತ ಕೊಳವೆದೀಪಗಳಿರುವ ಪೆಟ್ಟಿಗೆಯೊಳಗೆ ನಿಲ್ಲಬೇಕು. ಮೊದಲ ದಿನ ಬಾಗಿಲು ಮುಚ್ಚಿದಾಗ ಕಿರುಚಿದ್ದಳು. ಈಗ ಒಬ್ಬಳೇ ನಿಂತು, ಮಗ್ಗಿ ಹೇಳಿಕೊಂಡು ಹೊರಗೆ ಬರುತ್ತಾಳೆ. ಅಲ್ಲಿ ಒಬ್ಬಳೇ ನಿಲ್ಲಲು ಕಲಿತ ಮಗು ತರಗತಿಯಲ್ಲೂ ಒಬ್ಬಳೇ ಕೂರಬೇಕೆ?

ಬೇರೆ ತಂದೆತಾಯಿಗಳಿಗೂ ಭಯ ಇರುತ್ತದೆ ಎಂದು ಕೆಲವರು ನನಗೆ ತಿಳಿಹೇಳಿದರು. ಮೊದಲ ದಿನದ ಭಯವನ್ನು ಒಪ್ಪುತ್ತೇನೆ. ವೈದ್ಯರು ಸಹಿ ಮಾಡಿ ಮೊಹರು ಒತ್ತಿ ಎರಡು ಸಲ ಬರೆದುಕೊಟ್ಟ ಮೇಲೂ ಅದನ್ನು ಭಯ ಎಂದು ಕರೆಯಲು ನಾನು ಸಿದ್ಧಳಿಲ್ಲ.

ಆದರೆ ನಾನೂ ತಪ್ಪು ಮಾಡಿದ್ದೇನೆ. ಕಳೆದ ಬೇಸಿಗೆಯಲ್ಲಿ ಮದುವೆಯೊಂದಕ್ಕೆ ಹೊರಟಾಗ ಆ ಸೆಖೆಯಲ್ಲಿ ಅವಳಿಗೆ ತುಂಬುತೋಳಿನ ಅಂಗಿ ತೊಡಿಸಿದೆ. ಕೇಳಿದವರಿಗೆಲ್ಲ ಅಲರ್ಜಿ ಎಂದೆ. ರಾತ್ರಿ ಮಲಗುವಾಗ ಕೇಳಿದಳು: "ದೊಡ್ಡಮ್ಮಾ, ಅಲರ್ಜಿಯಾದರೆ ಅಮ್ಮ ಯಾಕೆ ಅಳುತ್ತಾಳೆ?" ಮರುದಿನವೇ ತಂಗಿ ಮತ್ತು ನಾನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯಿಲೆಯ ಹೆಸರು ಹೇಳಿದೆವು. ಅವಳು ನಮ್ಮಷ್ಟು ಹೆದರಲಿಲ್ಲ.

ಇವತ್ತಿನ ಪತ್ರವನ್ನು ಹಟಹಿಡಿದು ಕನ್ನಡದಲ್ಲೇ ಬರೆಸಿದ್ದೇನೆ. 'ಇದು ಶಿಲೀಂಧ್ರವಲ್ಲ, ಮುಟ್ಟಿದರೆ ಬರುವುದಿಲ್ಲ, ಜೊತೆಯಲ್ಲಿ ಕುಳಿತು ಉಂಡರೂ ಬರುವುದಿಲ್ಲ.' ನಾಳೆ ಪ್ರಾರ್ಥನೆಯ ಗಂಟೆಗೆ ಮೊದಲೇ ಶಾಲೆಯಲ್ಲಿರುತ್ತೇನೆ. ಅವಳು ಎರಡನೆಯ ಬೆಂಚಿನಲ್ಲಿ ತನ್ನ ಗೆಳತಿಯ ಪಕ್ಕ ಕುಳಿತದ್ದನ್ನು ನೋಡಿದ ಮೇಲೆಯೇ ಅಲ್ಲಿಂದ ಹೊರಡುತ್ತೇನೆ.