ಒಂದು ಟೇಬಲ್, ನಾಲ್ಕು ಟೈರ್

ಜರ್ಮನಿಯಲ್ಲಿ ದೊಡ್ಡ ರೆಸ್ಟೋರೆಂಟಿಗೆ ಹೋಗಿ ಉಂಡು ಬರುವುದು ಕಷ್ಟವೇನಲ್ಲ. ಹೋಗಬೇಕಾ ಬೇಡವಾ ಅಂತ ತೀರ್ಮಾನ ಮಾಡುವುದಿದೆಯಲ್ಲ, ಅದು ಕಷ್ಟ. ಸ್ಟುಟ್‌ಗಾರ್ಟ್‌ನ ನಮ್ಮ ಮನೆಯಲ್ಲಿ ಈ ಚರ್ಚೆ ಬೇಸಿಗೆಯಲ್ಲಿ ಶುರುವಾಗಿ, ಮರದ ಎಲೆಯೆಲ್ಲ ಉದುರುವ ತನಕ ನಡೆಯಿತು.

ನಮ್ಮ ಮದುವೆಯ ದಿನ ಬರುವುದು ನವೆಂಬರ್‌ನಲ್ಲಿ. ಯಾವಾಗಲೂ ಮನೆಯಲ್ಲೇ ಬಿಸಿಬೇಳೆ ಭಾತ್, ಶಾವಿಗೆ ಪಾಯಸ, ಅಲ್ಲಿಗೆ ಮುಗಿಯಿತು. ಈ ಸಲ ನಾನು, "ರೀ, ಒಂದ್ಸಲ ಆ ಮೂರು ಸ್ಟಾರ್ ರೆಸ್ಟೋರೆಂಟಿಗೆ ಹೋಗೋಣ್ವಾ?" ಅಂದೆ. ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಲ್ಯಾಪ್‌ಟಾಪ್ ತಂದು ಎಕ್ಸೆಲ್ ತೆರೆದರು. ಇವರು ಎಕ್ಸೆಲ್ ತೆರೆದರೆ ಆ ವಿಷಯ ಬೇಗ ಮುಗಿಯುವುದಿಲ್ಲ ಅಂತ ನನಗೆ ಗೊತ್ತು. ಸೋಫಾ ಕೊಳ್ಳುವಾಗಲೂ ಹೀಗೇ ಆಗಿತ್ತು, ಆ ಮಾಡೆಲ್ ಬರುವುದೇ ನಿಂತುಹೋಯಿತು.

ಹಾಸನದಿಂದ ಅತ್ತೆ ವಿಡಿಯೋ ಕಾಲ್ ಮಾಡಿದಾಗ ಸಂಗತಿ ಹೊರಬಿತ್ತು. "ಮೂರೇ ಸ್ಟಾರಾ?" ಅಂದರು. "ಅಷ್ಟು ದುಡ್ಡು ಕೊಟ್ಟು ಮೂರು ಸ್ಟಾರಿಗೆ ಯಾಕೆ ಹೋಗ್ತೀರಾ? ಊರಿಗೆ ಬಂದಾಗ ಬೆಂಗಳೂರಲ್ಲಿ ಫೈವ್ ಸ್ಟಾರಿಗೇ ಹೋದ್ರಾಯ್ತಪ್ಪ."

ಇದು ಆ ಸ್ಟಾರ್ ಅಲ್ಲಮ್ಮ, ಇದನ್ನು ಕೊಡುವುದು ಮಿಶೆಲಿನ್ ಅನ್ನೋ ಟೈರ್ ಕಂಪನಿ ಅಂತ ಇವರು ವಿವರಿಸಲು ಹೋಗಿ ಪರಿಸ್ಥಿತಿ ಇನ್ನೂ ಕೆಟ್ಟಿತು. ಟೈರ್ ಮಾರುವವರಿಗೆ ಊಟದ ರುಚಿ ಏನು ಗೊತ್ತು ಅಂತ ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು ಬಿಡಿ. ಆದರೆ ಕಥೆ ಮಾತ್ರ ನಿಜ. 1900ರಲ್ಲಿ ಫ್ರಾನ್ಸಿನಲ್ಲಿ ಕಾರು ಇಟ್ಟವರೇ ಕಡಿಮೆ. ಆ ಕಾಲದಲ್ಲಿ ಮಿಶೆಲಿನ್ ಅಣ್ಣತಮ್ಮಂದಿರು ಒಂದು ಪುಸ್ತಕ ಮಾಡಿ ಪುಕ್ಕಟೆ ಹಂಚಿದರು. ಪೆಟ್ರೋಲ್ ಎಲ್ಲಿ ಸಿಗುತ್ತೆ, ರಿಪೇರಿ ಎಲ್ಲಿ ಮಾಡ್ತಾರೆ, ರಾತ್ರಿ ಎಲ್ಲಿ ಉಳಿಯಬಹುದು, ಎಲ್ಲ ಅದರಲ್ಲಿತ್ತು. ಜನ ಜಾಸ್ತಿ ಓಡಾಡಿದರೆ ಟೈರ್ ಸವೆಯುತ್ತದೆ, ಸವೆದರೆ ಹೊಸದು ಕೊಳ್ಳಲೇಬೇಕು, ಅಷ್ಟೇ ಲೆಕ್ಕ. ಊಟಕ್ಕೆ ಸ್ಟಾರ್ ಕೊಡಲು ಶುರು ಮಾಡಿದ್ದು 1926ರಲ್ಲಿ. ಒಂದು ಸ್ಟಾರ್ ಇದ್ದರೆ ದಾರಿಯಲ್ಲಿ ಸಿಕ್ಕಾಗ ಇಳಿದು ಉಣ್ಣಬಹುದು. ಎರಡಿದ್ದರೆ ಸ್ವಲ್ಪ ಸುತ್ತು ಹಾಕಿಕೊಂಡಾದರೂ ಹೋಗಬಹುದು. ಮೂರಿದ್ದರೆ ಆ ಊಟಕ್ಕೆ ಅಂತಲೇ ಮನೆಯಿಂದ ಹೊರಡಬಹುದು. ಅದರ ಮೇಲೆ ಇನ್ನಿಲ್ಲ.

ನಮ್ಮ ಕಣ್ಣು ಬಿದ್ದಿದ್ದು ಬೈಯರ್ಸ್‌ಬ್ರೊನ್ ಮೇಲೆ. ಬ್ಲ್ಯಾಕ್ ಫಾರೆಸ್ಟ್ ಅಂದರೆ ನಮಗೆಲ್ಲ ಹುಟ್ಟುಹಬ್ಬದ ಕೇಕ್ ಅಲ್ವಾ, ಆ ಹೆಸರಿನ ನಿಜವಾದ ಕಾಡಿನ ನಡುವೆ ಇರುವ ಸಣ್ಣ ಊರು ಇದು. ಅಲ್ಲಿ ಹೆಸರಾದ ಮೂರು ಸ್ಟಾರ್ ರೆಸ್ಟೋರೆಂಟುಗಳು ಒಂದಲ್ಲ, ಎರಡು: ಶ್ವಾರ್ಜ್‌ವಾಲ್ಡ್‌ಸ್ಟುಬೆ ಮತ್ತು ಬಾರೈಸ್. ಮೊದಲನೆಯದು 1990ರ ದಶಕದ ಆರಂಭದಲ್ಲೇ ಮೂರು ಸ್ಟಾರ್ ಪಡೆದದ್ದು. 2020ರ ಜನವರಿಯಲ್ಲಿ ಬೆಂಕಿ ಬಿದ್ದು ಕಟ್ಟಡವೇ ಸುಟ್ಟುಹೋಯಿತು, 2022ರಲ್ಲಿ ಹೊಸದಾಗಿ ಕಟ್ಟಿ ತೆರೆದರು. ಎರಡರಲ್ಲಿ ನಾವು ಯಾವುದಕ್ಕೆ ಗಂಟುಬಿದ್ದೆವು ಅಂತ ಹೇಳುವುದಿಲ್ಲ. ಪಾಪ, ಅವರ ತಪ್ಪು ಏನೂ ಇಲ್ಲ.

ಎಕ್ಸೆಲ್‌ನ ಮೊದಲ ಸಾಲು ದುಡ್ಡು. ಇಂಥ ಕಡೆ ಮೆನು ಒಬ್ಬರಿಗೆ 250 ಯೂರೋ ದಾಟುತ್ತದೆ. ರೂಪಾಯಿಗೆ ತಿರುಗಿಸಬಾರದು ಅಂತ ಇಲ್ಲಿರುವ ಕನ್ನಡಿಗರೆಲ್ಲ ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತೇವೆ, ಆಮೇಲೆ ಎಲ್ಲರೂ ತಿರುಗಿಸುತ್ತೇವೆ. ಇಬ್ಬರದು ಸೇರಿ ಅರ್ಧ ಲಕ್ಷದ ಹತ್ತಿರ. ಇದರ ಮೇಲೆ ನೀರು. ಹೌದು, ಜರ್ಮನಿಯಲ್ಲಿ ಕೂತ ತಕ್ಷಣ ಲೋಟದಲ್ಲಿ ನೀರು ತಂದು ಇಡುವ ಪದ್ಧತಿ ಇಲ್ಲ, ಬಾಟಲಿ ತರುತ್ತಾರೆ, ಅದಕ್ಕೆ ಬಿಲ್. ಪ್ರತಿ ತಟ್ಟೆಗೂ ಹೊಂದುವ ವೈನ್ ಬೇಕಾದರೆ ಅದು ಬೇರೆ. ಇವರು ಕುಡಿಯುವುದಿಲ್ಲ. ಕುಡಿಯದವರಿಗೆ ಅಂತ ಹಣ್ಣಿನ ರಸ, ಚಹಾ, ಹುಳಿ ಬರಿಸಿದ ಏನೇನೋ ಕಷಾಯ ಕೊಡುತ್ತಾರೆ, ಅದೇನೂ ಅಗ್ಗವಲ್ಲ. "ಕಷಾಯಕ್ಕೆ ಇಷ್ಟಾ?" ಅಂತ ಇವರು ಆ ಸಾಲಿಗೆ ಕೆಂಪು ಬಣ್ಣ ತುಂಬಿದರು.

ಎರಡನೇ ಸಾಲು ನಮ್ಮ ಸಂಸಾರದ ಹಳೇ ಸಮಸ್ಯೆ. ನಾನು ಕುಂದಾಪುರದವಳು, ಮೀನಿಲ್ಲದೆ ನನಗೆ ಊಟ ಅನ್ನಿಸುವುದೇ ಇಲ್ಲ. ಇವರು ಮೊಟ್ಟೆ ತನಕ ಬಂದು ಅಲ್ಲೇ ನಿಂತವರು. ಇಂಥ ಎಷ್ಟೋ ರೆಸ್ಟೋರೆಂಟುಗಳಲ್ಲಿ ಟೇಬಲ್‌ಗೆ ಒಂದೇ ಮೆನು, ಇಡೀ ಟೇಬಲ್ ಒಂದನ್ನೇ ತೆಗೆದುಕೊಳ್ಳಬೇಕು. ಅಂದರೆ ನನಗೆ ಬರಬೇಕಾದ ಮೀನು ಇವರಿಂದಾಗಿ ಬೀಟ್‌ರೂಟ್ ಆಗುವ ಅಪಾಯ ಇತ್ತು.

"ಹಾಗಾದ್ರೆ ಬರ್ಲಿನ್‌ಗೆ ಹೋಗೋಣ" ಅಂದರು. ಅಲ್ಲಿ ಕುಕೀಸ್ ಕ್ರೀಮ್ ಅಂತ ಇದೆ, ಮಾಂಸ ಮೀನು ಏನೂ ಇಲ್ಲದೆ ಸ್ಟಾರ್ ಗೆದ್ದ ಜಾಗ. ಒಳಗೆ ಹೋಗುವ ದಾರಿ ಹಿಂದಿನ ಓಣಿಯಲ್ಲಿ, ಕಸದ ಡಬ್ಬಿಗಳ ಪಕ್ಕದಲ್ಲಿ. ಅದು ಅವರ ಸ್ಟೈಲ್, ಇರಲಿ. ಆದರೆ ಅದಕ್ಕಿರುವುದು ಒಂದೇ ಸ್ಟಾರ್. ಒಂದು ಸ್ಟಾರ್ ಅಂದರೆ ದಾರಿಯಲ್ಲಿ ಸಿಕ್ಕರೆ ಇಳಿಯಿರಿ ಅಂತ. ಸ್ಟುಟ್‌ಗಾರ್ಟ್‌ನಿಂದ ಬರ್ಲಿನ್ 600 ಕಿಲೋಮೀಟರಿಗೂ ಜಾಸ್ತಿ. ನಾವು ಎಲ್ಲಿಗೆ ಹೊರಟರೆ ಅದು ದಾರಿಯಲ್ಲಿ ಸಿಗುತ್ತದೆ, ಪೋಲೆಂಡಿಗಾ?

ಕೊನೆಗೆ ನಾನೇ ಬೈಯರ್ಸ್‌ಬ್ರೊನ್‌ಗೆ ಫೋನ್ ಮಾಡಿದೆ. ನನ್ನ ಜರ್ಮನ್ ತರಕಾರಿ ಅಂಗಡಿಗೆ ಸಾಕು, ಫೋನಿನಲ್ಲಿ ಸ್ವಲ್ಪ ಕೈಕೊಡುತ್ತದೆ. ಆ ಕಡೆಯ ಹೆಂಗಸು ಮಾತ್ರ ಬಹಳ ಒಳ್ಳೆಯವರು. ಇಬ್ಬರಿಗೆ ಬೇರೆ ಬೇರೆ ಮೆನು ಖಂಡಿತ ಆಗುತ್ತದೆ ಅಂದರು. ಅಷ್ಟಕ್ಕೆ ಬಿಡದೆ, "ನಿಮ್ಮ ಯಜಮಾನರಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಹೆಪ್ಪು ಹಾಕಿದ ಚೀಸ್ ಆಗುತ್ತಾ?" ಅಂತ ಕೇಳಿದರು. ಸ್ಪೀಕರ್ ಆನ್ ಇತ್ತು. ಯಜಮಾನರು ಕೇಳಿಸಿಕೊಂಡರು.

ಆವತ್ತು ಸಂಜೆ ನಮ್ಮ ಫ್ರಿಜ್ ತಪಾಸಣೆ ನಡೆಯಿತು. ಪಾರ್ಮೆಸಾನ್ ಹೋಯಿತು, ಅದನ್ನು ಕರುವಿನ ರೆನೆಟ್ ಹಾಕಿಯೇ ಮಾಡಬೇಕು ಅಂತ ನಿಯಮವೇ ಇದೆ. ಮೊಬೈಲ್ ಹಿಡಿದು ಕೂತವರು ಚೀಸ್‌ಗೆ ನಿಲ್ಲಲಿಲ್ಲ. ಈ ಸೀಮೆಯ ಆಲೂಗಡ್ಡೆ ಸಲಾಡ್‌ಗೆ ಮಾಂಸದ ಸಾರು ಹಾಕುತ್ತಾರೆ ಅನ್ನುವುದು ಒಂಬತ್ತು ಗಂಟೆ ಹೊತ್ತಿಗೆ ಗೊತ್ತಾಯಿತು. ಆಫೀಸ್ ಕ್ಯಾಂಟೀನಿನಲ್ಲಿ ಇವರು ನಂಬಿಕೊಂಡಿದ್ದ ಒಂದೇ ಐಟಂ ಅದು. ನಾನು ಸಮಾಧಾನ ಮಾಡಲು ಹೋಗಿ, ಮೌಲ್ಟಾಷೆನ್ ಅನ್ನೋ ಇಲ್ಲಿನ ಕಡುಬಿನಂಥ ತಿಂಡಿಯ ಕಥೆ ಹೇಳಿದೆ. ಉಪವಾಸದ ದಿನಗಳಲ್ಲಿ ಮಾಂಸ ತಿನ್ನುವ ಆಸೆಯಾಗಿ ಮೌಲ್‌ಬ್ರೊನ್ ಮಠದ ಸನ್ಯಾಸಿಗಳು ಅದನ್ನು ಸಣ್ಣಗೆ ಕೊಚ್ಚಿ, ಸೊಪ್ಪಿನ ಜೊತೆ ಕಲಸಿ, ಹಿಟ್ಟಿನ ಹಾಳೆಯಲ್ಲಿ ಸುತ್ತಿ ದೇವರಿಗೆ ಕಾಣದ ಹಾಗೆ ಮುಚ್ಚಿಟ್ಟರು ಅಂತ ಇಲ್ಲಿನವರು ಹೇಳುತ್ತಾರೆ. "ದೇವ್ರಿಗೇ ಕಾಣ್ಲಿಲ್ಲ, ನಿಮಗೆ ಹೇಗೆ ಕಾಣ್ಬೇಕು, ಬಿಡಿ ಮಾರ್ರೆ" ಅಂದೆ. ಸಮಾಧಾನ ಆಗಲಿಲ್ಲ. ರಾತ್ರಿ ಊಟಕ್ಕೆ ಮೊಸರನ್ನ.

ಆಮೇಲೆ ಬುಕಿಂಗ್ ಫಾರಂ. ಕ್ರೆಡಿಟ್ ಕಾರ್ಡ್ ನಂಬರ್ ಕೇಳಿತು. ಹೇಳದೆ ಕೇಳದೆ ತಪ್ಪಿಸಿಕೊಂಡರೆ ದಂಡ. ಅತ್ತೆಗೆ ಇದು ಅರಗಲೇ ಇಲ್ಲ. "ಉಣ್ಣದೇ ಇದ್ರೂ ದುಡ್ಡಾ? ಹಂಗಾದ್ರೆ ನಿನ್ನ ಮದುವೆಗೆ ಬರ್ತೀವಿ ಅಂತ ಹೇಳಿ ಬರದೇ ಇದ್ದೋರದ್ದೆಲ್ಲ ಒಂದು ಲಿಸ್ಟ್ ಇದೆ ನನ್ನ ಹತ್ರ" ಅಂದರು. ನಿಜವಾಗಿಯೂ ಇರಬಹುದು ಅನ್ನೋ ಅನುಮಾನ ನನಗಿದೆ.

ಶನಿವಾರಗಳೆಲ್ಲ ಭರ್ತಿ. ಮಧ್ಯಾಹ್ನದ ಊಟಕ್ಕೆ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆಸಿದೆವು. ಅಷ್ಟರಲ್ಲಿ ಇವರಿಗೆ ನವೆಂಬರ್ ಅಂದರೆ ಏನು ಅಂತ ಹೊಳೆಯಿತು. ಬ್ಲ್ಯಾಕ್ ಫಾರೆಸ್ಟ್ ಗುಡ್ಡದ ಸೀಮೆ, ಹಿಮ ಬೀಳಬಹುದು. ರಸ್ತೆಯಲ್ಲಿ ಹಿಮ ಇದ್ದರೆ ಚಳಿಗಾಲದ ಟೈರ್ ಹಾಕಿರಲೇಬೇಕು, ಅದು ಇಲ್ಲಿನ ಕಾನೂನು. ಅಕ್ಟೋಬರ್‌ನಿಂದ ಈಸ್ಟರ್ ತನಕ ಹಾಕಿಟ್ಟಿರಿ ಅಂತ ಜನ ಹೇಳುವ ರೂಢಿ. ಸಿಟಿಯೊಳಗೆ ರೈಲು ಇದ್ದೇ ಇರುತ್ತದೆ, ನಾವು ತಲೆಕೆಡಿಸಿಕೊಂಡವರಲ್ಲ. ನೆಲಮಾಳಿಗೆಯಲ್ಲಿದ್ದ ಹಳೇ ಟೈರ್ ಉರುಳಿಸಿಕೊಂಡು ಬಂದು ಇವರು ಅದರ ಗೆರೆಯೊಳಗೆ 1 ಯೂರೋ ನಾಣ್ಯ ತೂರಿಸಿದರು. ನಾಣ್ಯದ ಸುತ್ತ ಇರುವ ಹಳದಿ ಅಂಚಿನ ಅಗಲ 3 ಮಿಲಿಮೀಟರ್, ಕನಿಷ್ಠ ಅದಾದರೂ ಒಳಗೆ ಮುಳುಗಬೇಕು. ನಮ್ಮದರಲ್ಲಿ ಅಂಚು ಹೊರಗೆ ಕಾಣುತ್ತಿತ್ತು. ಹೊಸ ನಾಲ್ಕು ಟೈರ್ ಬೇಕು, ಹಾಕಿಸುವ ಕೂಲಿ ಸೇರಿದರೆ ಇಬ್ಬರ ಊಟದ ದುಡ್ಡಿಗೆ ಹತ್ತಿರ ಹತ್ತಿರ.

ಅಂದರೆ ಏನಾಯಿತು ನೋಡಿ. ಫ್ರಾನ್ಸಿನಲ್ಲಿ ಆ ಅಣ್ಣತಮ್ಮಂದಿರು 1900ರಲ್ಲಿ ಹಾಕಿದ ಲೆಕ್ಕ, ನೂರು ವರ್ಷ ದಾಟಿದ ಮೇಲೆ, ಕುಂದಾಪುರದ ಒಬ್ಬ ಹೆಂಗಸಿನ ಮೀನಿನ ಆಸೆಯಿಂದಾಗಿ ಸರಿಹೋಯಿತು. ನಾವಿನ್ನೂ ಒಂದು ತುತ್ತು ಉಂಡಿರಲಿಲ್ಲ.

ಟೈರ್ ಹಾಕಿಸಲು ಅಪಾಯಿಂಟ್‌ಮೆಂಟ್ ಸಿಗುವುದು ಮೂರು ಸ್ಟಾರ್ ಟೇಬಲ್‌ಗಿಂತ ಕಷ್ಟ. ಅಕ್ಟೋಬರ್ ಬಂದರೆ ಇಡೀ ಜರ್ಮನಿ ಒಟ್ಟಿಗೆ ಟೈರ್ ಬದಲಿಸುತ್ತದೆ. ಹೇಗೋ ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸಿಕ್ಕಿತು. ಮರುದಿನವೇ ರೆಸ್ಟೋರೆಂಟಿನಿಂದ ಫೋನ್: ಯಾರೋ ಕ್ಯಾನ್ಸಲ್ ಮಾಡಿದ್ದಾರೆ, ಮಧ್ಯಾಹ್ನ ಹನ್ನೆರಡಕ್ಕೆ ಟೇಬಲ್ ಇದೆ, ಬರ್ತೀರಾ? ಯಾವ ದಿನ ಅಂತ ನೀವೇ ಊಹಿಸಿ. "ಊಟ ಬಿಡೋಣ, ಟೈರ್ ಮತ್ತೆ ಸಿಗಲ್ಲ" ಅಂದರು ಇವರು. ನಾನು ಹನ್ನೆರಡಕ್ಕೆ ಹೂಂ ಅಂದು, ಕಾರ್ಡ್ ನಂಬರ್ ಕೊಟ್ಟು, ಆಮೇಲೆ ಗ್ಯಾರೇಜಿಗೆ ಫೋನ್ ಮಾಡಿ ಬೇಡಿಕೊಂಡೆ. ಬೆಳಿಗ್ಗೆ ಏಳೂವರೆಗೆ ಬನ್ನಿ ಅಂದರು.

ಏಳೂವರೆಗೆ ನಾನು ರೇಷ್ಮೆ ಸೀರೆ, ಇವರು ಕೋಟು, ಗ್ಯಾರೇಜಿನಲ್ಲಿ ಗ್ರೀಸ್ ಮೆತ್ತಿದ ಕುರ್ಚಿಯ ತುದಿಯಲ್ಲಿ ಕೂತಿದ್ದೆವು. ಮೆಕ್ಯಾನಿಕ್ ಒಂದ್ಸಲ ಸೀರೆ ನೋಡಿ, ಒಂದ್ಸಲ ಟೈರ್ ನೋಡಿ, ಎಲ್ಲಿಗೆ ಅಂತ ಕೇಳಿದ. ಬೈಯರ್ಸ್‌ಬ್ರೊನ್‌ಗೆ ಊಟಕ್ಕೆ ಅಂದೆ. ಅವನ ಮುಖ ಅರಳಿತು. ತಾನೂ ಪ್ರತಿ ವರ್ಷ ಹೋಗ್ತೀನಿ ಅಂದ. ಗುಡ್ಡದ ಮೇಲೆ ನಡೆದು ಬರುವವರಿಗೆ ಅಂತ ಮರದ ಮನೆಯಲ್ಲಿ ಒಂದು ಊಟದ ಜಾಗ ಇದೆಯಂತೆ, ಚೀಸ್ ಹಾಕಿದ ಬಿಸಿ ಬಿಸಿ ಷ್ಪೆಟ್ಸ್ಲೆ ಅನ್ನೋ ದಪ್ಪ ಶಾವಿಗೆ, ದೊಡ್ಡ ತಟ್ಟೆ, ಹದಿನೈದು ಯೂರೋ, ಬುಕಿಂಗ್ ಗಿಕಿಂಗ್ ಏನೂ ಬೇಡವಂತೆ.

ನಾನು ಕೇಳಿಸದವಳ ಹಾಗೆ ಸೆರಗು ಸರಿಮಾಡಿಕೊಂಡೆ. ಪಕ್ಕದಲ್ಲಿ ಇವರು ನಿಧಾನಕ್ಕೆ ಮೊಬೈಲ್ ಹೊರತೆಗೆದು, ಎಕ್ಸೆಲ್ ತೆರೆದು, ಅವನನ್ನು ಕೇಳಿದರು: "ಅದರ ಹೆಸರು ಏನಂದ್ರಿ?"