ಚಿರತೆ ಕಾಣಿಸ್ತು ಸರಿ, ಸೀಳುನಾಯಿ ಎಲ್ಲಿ?

ಬನ್ನೇರುಘಟ್ಟ ಕಡೆಯ ಯಾವುದೋ ಲೇಔಟ್‌ನ ಸಿಸಿಟಿವಿಯಲ್ಲಿ ಚಿರತೆ ಕಂಡರೆ ಸಾಕು, ಬೆಳಗಾಗೋದ್ರೊಳಗೆ ವಾಟ್ಸಾಪ್ ಗ್ರೂಪಲ್ಲಿ ಎರಡು ಪಂಗಡ. ಒಬ್ಬರಿಗೆ ಅದು ‘ನಾಡಿಗೆ ನುಗ್ಗಿದ’ ಪ್ರಾಣಿ. ಇನ್ನೊಬ್ಬರಿಗೆ ನಮ್ಮ ಕಾಡು ಸೊಂಪಾಗಿದೆ ಅನ್ನೋದಕ್ಕೆ ಸಾಕ್ಷಿ. ನನ್ನ ತಕರಾರು ಇರೋದು ಈ ಎರಡನೆಯವರ ಹತ್ತಿರ.

ಚಿರತೆ ಇಲಿಯಿಂದ ಹಿಡಿದು ಜಿಂಕೆವರೆಗೆ ಸಿಕ್ಕಿದ್ದು ತಿಂದು ಬದುಕುತ್ತೆ. ಒಂದು ಬಂಡೆ ಸಂದಿ, ಒಂದಿಷ್ಟು ಪೊದೆ, ರಾತ್ರಿಗೆ ನಾಲ್ಕು ಬೀದಿನಾಯಿ ಇದ್ದರೆ ಅದರ ಸಂಸಾರ ನಡೆಯುತ್ತೆ. ಕಾಡುಹಂದಿಯೂ ಹಾಗೇ. ಕಾಡಿನ ಯೋಗಕ್ಷೇಮ ಕೇಳಬೇಕಾದ್ದು ನಮ್ಮ ಜೊತೆ ಹೊಂದಿಕೊಳ್ಳೋಕೆ ಆಗದವರನ್ನ: ಕಡವೆ, ನಾಲ್ಕು ಕೊಂಬಿನ ಕೊಂಡುಕುರಿ, ಎಲ್ಲಕ್ಕಿಂತ ಮೊದಲು ಸೀಳುನಾಯಿ, ಅಂದ್ರೆ ನಮ್ಮ ಕಾಡುನಾಯಿ. ಅದು ಗುಂಪು ಕಟ್ಟಿಕೊಂಡು ಹೆಚ್ಚಾಗಿ ಹಗಲು ಬೆಳಕಲ್ಲೇ ಬೇಟೆಯಾಡುತ್ತೆ. ಅದಕ್ಕೆ ಜಿಂಕೆ, ಕಡವೆ ಬೇಕು. ಹಗಲೂ ಬೇಕು.

ಆ ಹಗಲನ್ನ ನಾವು ತಗೊಂಡಿದ್ದೀವಿ. ಬೆಳಿಗ್ಗೆ ದನ ಕಾಡೊಳಗೆ, ಹಿಂದೆ ಒಂದೆರಡು ನಾಯಿ; ಸಂಜೆ ವಾಪಸ್. ಅಲ್ಲಿವರೆಗೆ ಜಿಂಕೆ ನೀರಿನ ಹತ್ತಿರ ಸುಳಿಯೋದು ಕಷ್ಟ. ನಾಯಿ ಕಚ್ಚಿ ಕೊಲ್ಲಬೇಕಾಗಿಲ್ಲ, ಓಡಿಸಿದರೂ ಮೇಯೋ ಹೊತ್ತು ಹೋಯ್ತು. ಲಸಿಕೆ ಕಾಣದ ನಾಯಿ ಡಿಸ್ಟೆಂಪರ್ ಅನ್ನೋ ಅಂಟುರೋಗವನ್ನೂ ಹೊತ್ತು ತರಬಹುದು. ಒಬ್ಬರ ಮೈಗೊಬ್ಬರು ಅಂಟಿಕೊಂಡು ಮಲಗೋ ಸೀಳುನಾಯಿ ಗುಂಪಿಗೆ ಅದು ತಗುಲಿದರೆ ಒಂದಕ್ಕೇ ನಿಲ್ಲಲ್ಲ. ಆರು ಖಂಡಗಳ 62 ಸಸ್ತನಿಗಳ ಮಾಹಿತಿ ಒಟ್ಟುಹಾಕಿ 2018ರಲ್ಲಿ ಬಂದ ಅಧ್ಯಯನದ ಪ್ರಕಾರ, ಜನರ ಕಾಟ ಇರೋ ಕಡೆ ಪ್ರಾಣಿಗಳ ರಾತ್ರಿ ಓಡಾಟ, ಕಾಟ ಕಡಿಮೆ ಇರೋ ಕಡೆಗಿಂತ ಸರಾಸರಿ 1.36 ಪಟ್ಟು.

ಅದಕ್ಕೇ ಪ್ರಾಣಿ ಸುಳಿದಾಗ ತಾನಾಗೇ ಕ್ಲಿಕ್ಕಿಸೋ ಕ್ಯಾಮೆರಾ ಟ್ರ್ಯಾಪ್ ಫೋಟೊದಲ್ಲಿ ಪ್ರಾಣಿಗಿಂತ ಮೊದಲು ಗಂಟೆ ನೋಡಿ. ಈ ಕ್ಯಾಮೆರಾಗಳನ್ನ ದಾರಿಯ ಎರಡೂ ಬದಿ, ಮೊಣಕಾಲೆತ್ತರಕ್ಕೆ ಕಟ್ಟುತ್ತಾರೆ. ಚಿರತೆಯ ಎಡಮೈ ಚುಕ್ಕೆಗೂ ಬಲಮೈ ಚುಕ್ಕೆಗೂ ಹೋಲಿಕೆ ಇರಲ್ಲವಲ್ಲ, ಒಂದೇ ಬದಿ ತೆಗೆದರೆ ಒಂದು ಚಿರತೆ ಎರಡಾಗಿ ಎಣಿಕೆಗೆ ಬಂದೀತು. ಹಗಲೆಲ್ಲ ದನ, ನಾಯಿ, ಬೈಕು ಬಿದ್ದು, ಕಡವೆ ಮಾತ್ರ ನಡುರಾತ್ರಿ ಕಳೆದ ಮೇಲೆ ಬಂದಿದ್ದರೆ, ‘ಕಡವೆ ಇದೆ’ ಅಂತ ಟಿಕ್ ಹಾಕಿ ಮುಂದೆ ಹೋಗಬೇಡಿ.

ರಾತ್ರಿಯಾದರೂ ಅವಕ್ಕೆ ಉಳಿದಿದೆಯಾ? ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೆದ್ದಾರಿಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧ ಇದೆ. ಆದರೆ ನಮ್ಮ ಬನ್ನೇರುಘಟ್ಟದ ಪರಿಸರ ಸೂಕ್ಷ್ಮ ವಲಯ, ಅಂದ್ರೆ ಕಾಡಿನ ಸುತ್ತ ಕಟ್ಟಡ, ಗಣಿಗಾರಿಕೆಗೆ ಮಿತಿ ಇರೋ ಪಟ್ಟಿ, 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇದ್ದದ್ದು 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಕಾಡಂಚಿನಲ್ಲಿ ಮನೆ ಕಟ್ಟಿದವರು ಕಾಂಪೌಂಡ್ ದೀಪವನ್ನ ನೆಲಕ್ಕೆ ತಿರುಗಿಸಿದರೂ ಎಷ್ಟೋ ಆಯ್ತು. ಚಿಕನ್ ಅಂಗಡಿ ಕಸವನ್ನ ಖಾಲಿ ಸೈಟಿಗೆ ಸುರಿಯೋದು ನಿಲ್ಲಬೇಕು. ಕಸಕ್ಕೆ ನಾಯಿ, ನಾಯಿಗೆ ಚಿರತೆ, ಚಿರತೆಗೆ ಬೋನು. ಹಿಡಿದು ಸಾಗಿಸಿದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತೆ, ಕಸ ಅಲ್ಲೇ ಇರುತ್ತೆ.

ಇನ್ನು ಉರುಲು. ಬೈಕಿನ ಕ್ಲಚ್ ವೈರು, ಒಂದು ಗೂಟ, ಬೇಲಿಯ ಕಂಡಿ, ಮುಗೀತು. ಹಾಕೋದು ಕಾಡುಹಂದಿಗೆ. ಅದೇ ಕಂಡಿಯಲ್ಲಿ ಚಿರತೆ ತಲೆ, ಭುಜ ತೂರಿಸಿ ದಾಟಿದರೆ ವೈರು ಸೊಂಟಕ್ಕೆ ಬೀಳುತ್ತೆ. ಜಗ್ಗಿದಷ್ಟೂ ಬಿಗಿ. ಸುತ್ತ ಜನ ಸೇರಿ ಮೊಬೈಲ್ ಹಿಡಿದರೆ ಅದು ಗಾಬರಿಯಿಂದ ಇನ್ನೂ ಜಗ್ಗುತ್ತೆ. ಚರ್ಮದ ಮೇಲೆ ಗೆರೆಯಷ್ಟೇ ಕಂಡರೂ ಒಳಗಿನ ಅಂಗಾಂಗಕ್ಕೆ ಪೆಟ್ಟಾಗಿರಬಹುದು, ಬಿಡಿಸಿದ ಮೇಲೂ ಸತ್ತೀತು. ವೈರು ಕತ್ತರಿಸೋಕೆ ಹೋಗಬೇಡಿ; ದೂರ ಸರಿದು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ, ಅರಿವಳಿಕೆ ಕೊಡೋ ವೈದ್ಯರು ಬರಲಿ. ಮತ್ತೆ, ಈ ವೈರು ಹುಡುಕೋಕೆ ಕಾಡೊಳಗೆ ಹೋಗಬೇಕಾಗಿಲ್ಲ. ರಾಗಿ ತೆನೆ ಕಟ್ಟೋ ಹೊತ್ತಿಗೆ ಹೊಲದ ಬೇಲಿ ಉದ್ದಕ್ಕೂ ನಡೆದು, ಹಂದಿ ನುಸುಳಿ ಸವೆದ ಕಂಡಿಗಳನ್ನ ಬಗ್ಗಿ ನೋಡಿ.